ಬೂದಿಗುಡ್ಡ ಕಲಿಸುವ ಪಾಠ
(ವಿಭೂತಿ ಬುಧವಾರದ ಪ್ರಬೋಧನೆ)



ಇಂದು ವಿಭೂತಿ ಬುಧವಾರ. ಹಿಂದಿನ ವರ್ಷದ ಗರಿಗಳ ಭಾನುವಾರ ನಾವು ಎತ್ತಿ ಹಿಡಿದ ಗರಿಗಳು ಬೂದಿಯಾಗಿ ಈಗ ನಮ್ಮ ಹಣೆಯ ಮೇಲಿವೆ. ಅಬ್ಬೆತುಮಕೂರಿನ ಸುತ್ತಮುತ್ತ ಬಾಳುವ ನಮಗೆ ಬೂದಿ ಹೊಸದಲ್ಲ. ಇಲ್ಲಿನ ವಿಶ್ವಾರಾಧ್ಯರ ಮಠಕ್ಕೆ ಹೋಗಿಬರುವ ನೆರೆಯವರ ಹಣೆಯಲ್ಲೂ ವಿಭೂತಿಯಿದೆ. ಅದನ್ನು ಸಂಪ್ರದಾಯದಂತೆ ಆಕಳ ಸಗಣಿ ಸುಟ್ಟು ಮಾಡುತ್ತಾರೆ. ಇಂದು ನಮ್ಮ ಸೀಮೆಯ ಇನ್ನೊಂದು ಬೂದಿಯ ಬಗ್ಗೆ ಚಿಂತಿಸೋಣ.

ನಮ್ಮ ಮಕ್ಕಳು ಮೊಬೈಲಿನಲ್ಲಿ ಆಡುವ ಆಟಗಳಲ್ಲಿ ಮಾಯದ ಕಲ್ಲೋ ಕಿರೀಟವೋ ಇರುತ್ತದೆ. ಅದನ್ನು ಮಾಡಿದವರಾರು, ಅದರೊಳಗಿನ ಶಕ್ತಿ ಏನು ಎಂಬುದನ್ನು ಆಟ ಪೂರ್ತಿ ಹೇಳುವುದಿಲ್ಲ. ಮಕ್ಕಳು ರಾತ್ರಿಯೆಲ್ಲ ಕುಳಿತು ಊಹಿಸುತ್ತಾರೆ, ತಮ್ಮ ಊಹೆಯೇ ಸರಿಯೆಂದು ಜಗಳವಾಡುತ್ತಾರೆ. ನಾವು ಗದರಿಸುತ್ತೇವೆ. ಆದರೆ ದೊಡ್ಡವರು ಮಾಡುತ್ತ ಬಂದದ್ದೂ ಇದನ್ನೇ ಅಲ್ಲವೇ?

ಸುರಪುರ ಸೀಮೆಯಲ್ಲಿ ಬೂದಿಹಾಳ ಎಂಬ ಊರಿದೆ. ಹೆಸರಿನಲ್ಲೇ ಬೂದಿಯಿದೆ. ಅಲ್ಲಿರುವಂಥ ಬೂದಿಗುಡ್ಡಗಳು ರಾಯಚೂರು, ಬಳ್ಳಾರಿ ಕಡೆಯೂ ಇವೆ. ಬಯಲಿನ ನಡುವೆ ಇಷ್ಟೊಂದು ಬೂದಿ ಎಲ್ಲಿಂದ ಬಂತು? ಸತ್ತ ರಾಕ್ಷಸರ ಮೂಳೆ ಸುಟ್ಟ ಬೂದಿ ಎಂದರು ಕೆಲವರು. ಹಂಪಿಯ ಬಳಿಯ ನಿಂಬಾಪುರದಲ್ಲಿ, ವಾಲಿಯನ್ನು ದಹಿಸಿದ ಜಾಗ ಎಂದರು. ಓದಿದವರೂ ಹಿಂದುಳಿಯಲಿಲ್ಲ, ಜ್ವಾಲಾಮುಖಿಯ ಬೂದಿಯೇ, ಲೋಹ ಕರಗಿಸಿ ಉಳಿದ ಕಿಟ್ಟವೇ ಎಂದು ವಾದಿಸಿದರು.

19ನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸುಟ್ಟ ಸಗಣಿ ಎಂದರು. ವಾದ ಆಗಲೂ ನಿಲ್ಲಲಿಲ್ಲ. 1957ರಲ್ಲಿ ಎಫ್.ಆರ್. ಆಲ್ಚಿನ್ ಹಳೆಯ ಮಹಬೂಬ್‌ನಗರ ಜಿಲ್ಲೆಯ ಉತ್ನೂರಿನಲ್ಲಿ ಅಂಥದೇ ಗುಡ್ಡವನ್ನು ಅಗೆದರು. ಪದರದ ಕೆಳಗೆ ಪದರ ಬಿಡಿಸಿದಾಗ ಕಂಡದ್ದೇನು? ದನಗಳ ಗೊರಸಿನ ಗುರುತು. ದೊಡ್ಡಿಗೆ ಬೇಲಿಯಾಗಿ ನೆಟ್ಟ ಗೂಟಗಳ ಕುಳಿ! 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಮ್ಮ ಬೂದಿಹಾಳದಲ್ಲೇ ಅಗೆದರು. ಅಲ್ಲಿಯೂ ದನದ ದೊಡ್ಡಿ, ಅದರ ಪಕ್ಕದಲ್ಲಿ ಜನವಸತಿ, ಕಲ್ಲಿನ ಆಯುಧ ಮಾಡುವ ಜಾಗ, ಮಕ್ಕಳ ಸಮಾಧಿಗಳು ಸಿಕ್ಕವು. ಆ ಸಗಣಿಯನ್ನು ಹಬ್ಬಕ್ಕಾಗಿ ಸುಡುತ್ತಿದ್ದರೋ, ದೊಡ್ಡಿ ಹಸನು ಮಾಡಲು ಸುಡುತ್ತಿದ್ದರೋ ಎಂದು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಆದರೆ ಅಲ್ಲಿದ್ದವರು ರಾಕ್ಷಸರಲ್ಲ. ಸುಮಾರು 4000 ವರ್ಷಗಳ ಹಿಂದೆ ದನ ಸಾಕಿ ಮಕ್ಕಳನ್ನು ಬೆಳೆಸಿ, ಸತ್ತ ಕೂಸುಗಳನ್ನು ಮನೆಯ ಹತ್ತಿರವೇ ಮಣ್ಣು ಮಾಡಿ ಅತ್ತ ತಂದೆತಾಯಂದಿರು.

ಪ್ರಿಯರೇ, ಅಗೆಯುವವರೆಗೆ ರಾಕ್ಷಸರು; ಅಗೆದ ಮೇಲೆ ನಮ್ಮಂಥ ಮನುಷ್ಯರು. ಇದು ನಮ್ಮನ್ನು ಚುಚ್ಚಬೇಕಾದ ಮಾತು. ನಮಗೆ ಪರಿಚಯವಿದ್ದ ಒಂದು ಕುಟುಂಬ ಕೆಲವು ತಿಂಗಳು ಬಲಿಪೂಜೆಗೆ ಬರಲಿಲ್ಲ. ವಿಶ್ವಾಸ ಬಿಟ್ಟರು ಎಂದರು ಕೆಲವರು, ಕೈಗೆ ದುಡ್ಡು ಬಂತು, ಸೊಕ್ಕು ಬಂತು ಎಂದರು ಮತ್ತೆ ಕೆಲವರು. ಗುರುಗಳಾದ ನಾವೂ ಹೂಂಗುಟ್ಟಿದೆವು. ಕಡೆಗೊಂದು ಸಂಜೆ ಆ ಮನೆಗೆ ಹೋದೆವು. ಮಗ ಸೊಸೆ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದರು. ಮುದಿತಾಯಿ ಒಬ್ಬಳೇ ಹಾಸಿಗೆ ಹಿಡಿದಿದ್ದಳು. “ಇಷ್ಟು ದಿನ ಯಾಕ ಬರಲಿಲ್ರೀ ಫಾದರ್?” ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ. ಊಹಿಸಲು ನಮಗೆ ತಿಂಗಳುಗಟ್ಟಲೆ ಸಮಯವಿತ್ತು. ಅವಳ ಬಾಗಿಲಿಗೆ ಹೋಗಲು ಅರ್ಧ ಗಂಟೆ ಸಿಕ್ಕಿರಲಿಲ್ಲ.

ಆದ್ದರಿಂದ ಈ ತಪಸ್ಸುಕಾಲದಲ್ಲಿ ಮಾಂಸ ಬಿಡುವುದರ ಜೊತೆಗೆ ಪರರ ಬಗ್ಗೆ ಊಹಿಸುವುದನ್ನೂ ಬಿಡೋಣ. ಯಾರ ಬಗ್ಗೆ ಕಥೆ ಕಟ್ಟಿದ್ದೇವೋ ಅವರ ಮನೆಗೆ ಒಮ್ಮೆ ಹೋಗಿ ಕುಳಿತು ಬರೋಣ. ಮಕ್ಕಳ ಕುತೂಹಲವನ್ನು ಹೊಸಕದಿರೋಣ. ರಜೆಯ ದಿನ ಅವರನ್ನು ಬೂದಿಹಾಳಕ್ಕೆ ಕರೆದೊಯ್ದು, ಊಹಿಸು ಮಗು, ಆದರೆ ಗೊರಸಿನ ಗುರುತು ಸಿಗುವವರೆಗೆ ಇದೇ ನಿಜವೆನ್ನಬೇಡ ಎಂದು ಹೇಳಿಕೊಡೋಣ.

ಗುಟ್ಟಿನಲ್ಲಿರುವುದನ್ನು ಕಾಣುವ ತಂದೆ ದೇವರು ಒಬ್ಬರೇ. ನಾವೆಲ್ಲರೂ ಧೂಳು. ಒಂದೇ ಬೂದಿ ಹಚ್ಚಿಕೊಂಡವರು ಒಬ್ಬರನ್ನೊಬ್ಬರು ರಾಕ್ಷಸರನ್ನಾಗಿ ಮಾಡದಿರಲು ಆ ತಂದೆ ನಮಗೆ ಕೃಪೆ ನೀಡಲಿ. ಆಮೆನ್.