ಔಷಧಿ ಹೊಡೆದ ಮೇಲೂ ಮರಳುವ ಉಣ್ಣೆ

ಔಷಧಿ ಹೊಡೆಸಿದ ಮರುದಿನ ಉದುರಿಹೋದ ಉಣ್ಣೆ ಮೂರು ವಾರ ಕಳೆಯುವಷ್ಟರಲ್ಲಿ ಹಸುವಿನ ಮೈತುಂಬ ಮತ್ತೆ ಕಾಣಿಸಿಕೊಳ್ಳುವುದೇಕೆ, ಮಾರಿದ ಔಷಧಿಯೇ ಕಳಪೆಯೇ ಎಂಬ ಪ್ರಶ್ನೆಯನ್ನು ಈ ಮಾಲಿಕೆಯ ಕೇಳುಗರು ಮತ್ತೆ ಮತ್ತೆ ಎತ್ತುತ್ತಿದ್ದಾರೆ. ಔಷಧಿಯ ಶಕ್ತಿ ಕುಂದಿರುವ ಸಂದರ್ಭಗಳೂ ಇವೆ, ಅವುಗಳ ಮಾತು ಮುಂದೆ ಬರುತ್ತದೆ. ಆದರೆ ಬಹುಪಾಲು ಕೊಟ್ಟಿಗೆಗಳಲ್ಲಿ ದೋಷವಿರುವುದು ಸೀಸೆಯಲ್ಲಲ್ಲ. ಹಸುವಿನ ಮೈ ತೊಳೆದವರು ಹಸು ನಿಂತ ನೆಲವನ್ನೂ ಒರಗಿದ ಗೋಡೆಯನ್ನೂ ಹಾಗೆಯೇ ಬಿಟ್ಟಿರುವುದರಲ್ಲಿ.

ರಾಸುಗಳ ಮೇಲೆ ಹೆಚ್ಚಾಗಿ ಕಾಣುವ ನೀಲಿ ಉಣ್ಣೆ, ಅಂದರೆ ರಿಪಿಸೆಫಾಲಸ್ ಮೈಕ್ರೋಪ್ಲಸ್ ಎಂಬ ಜಾತಿ, ಮರಿಯಾಗಿ ಹಸುವಿನ ಮೈಯೇರಿ, ಅಲ್ಲಿಯೇ ಎರಡು ಬಾರಿ ಪೊರೆ ಕಳಚಿ, ಪ್ರೌಢವಾಗಿ, ರಕ್ತ ಕುಡಿದು ಉಬ್ಬಿ ಕೆಳಗೆ ಬೀಳುವುದಕ್ಕೆ ಸುಮಾರು ಮೂರು ವಾರ ತೆಗೆದುಕೊಳ್ಳುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ನೋಡಲು ಹರಳುಬೀಜದಂತೆಯೇ ಇರುತ್ತದೆ. ಹರಳಿನ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿರುವ ರಿಸಿನಸ್ ಎಂಬ ಹೆಸರಿಗೂ ಲ್ಯಾಟಿನ್ ಭಾಷೆಯಲ್ಲಿ ಉಣ್ಣೆ ಎಂದೇ ಅರ್ಥ. ಇಂಥ ಒಂದು ಉಣ್ಣೆಯನ್ನು ಗಾಜಿನ ಸೀಸೆಗೆ ಹಾಕಿ, ಬಾಯಿಗೆ ಹತ್ತಿ ತುರುಕಿ ಇಟ್ಟರೆ, ಕೆಲವೇ ದಿನಗಳಲ್ಲಿ ಅದರ ತಲೆಯ ಮುಂದೆ ಗಸಗಸೆಗಿಂತ ಚಿಕ್ಕದಾದ ಕಂದುಬಣ್ಣದ ತತ್ತಿಗಳು ಒಂದಕ್ಕೊಂದು ಅಂಟಿಕೊಂಡು ರಾಶಿಯಾಗತೊಡಗುತ್ತವೆ. ರಾಶಿ ಬೆಳೆದಂತೆಲ್ಲ ತಾಯಿ ಸುಕ್ಕುಗಟ್ಟಿ, ಕೊನೆಗೆ ಖಾಲಿ ಚೀಲದಂತಾಗಿ ಸಾಯುತ್ತದೆ. ಆ ಒಂದು ರಾಶಿಯಲ್ಲಿ ಎರಡರಿಂದ ಮೂರು ಸಾವಿರ ತತ್ತಿಗಳಿರುತ್ತವೆ.

ಸೀಸೆಯೊಳಗೆ ಕಂಡದ್ದೇ ಕೊಟ್ಟಿಗೆಯಲ್ಲಿ ಕಣ್ಣಿಗೆ ಬೀಳದಂತೆ ನಡೆಯುತ್ತಿರುತ್ತದೆ. ಗೋದಲಿಯ ಸಂದು, ಕಲ್ಲುಹಾಸಿನ ಬಿರುಕು, ಮಣ್ಣುಗೋಡೆಯ ಬುಡ, ಗೊಬ್ಬರದ ಅಂಚು ಇವೆಲ್ಲ ತತ್ತಿಯ ತಾಣಗಳು. ಅಲ್ಲಿ ಒಡೆದು ಬಂದ ಆರು ಕಾಲಿನ ಮರಿಗಳು ಹುಲ್ಲಿನ ತುದಿಗೋ ಗೋಡೆಯ ಮೇಲಕ್ಕೋ ಹತ್ತಿ, ಮುಂಗಾಲುಗಳನ್ನು ಗಾಳಿಯಲ್ಲಿ ಚಾಚಿ ಕಾಯುತ್ತವೆ. ಆ ಕಾಲುಗಳಲ್ಲಿರುವ ಹಾಲರ್ ಅಂಗ ಎಂಬ ಸೂಕ್ಷ್ಮ ಗುಳಿಯು ದನದ ಉಸಿರಿನಿಂದ ಬರುವ ಇಂಗಾಲದ ಡೈಆಕ್ಸೈಡನ್ನೂ ಮೈಯ ಬಿಸಿಯನ್ನೂ ಗುರುತಿಸುತ್ತದೆ. ತಂಪು ಮತ್ತು ತೇವ ಇದ್ದರೆ ಈ ಮರಿಗಳು ತಿಂಗಳುಗಟ್ಟಲೆ ಉಪವಾಸವಿದ್ದು ಬದುಕಬಲ್ಲವು. ಹೀಗಾಗಿ ಹಸುವಿನ ಮೈಮೇಲೆ ಕಣ್ಣಿಗೆ ಕಾಣುವುದು ಉಣ್ಣೆಯ ಸಂಸಾರದ ಸಣ್ಣ ಪಾಲು ಮಾತ್ರ. ದೊಡ್ಡ ಪಾಲು ನೆಲದಲ್ಲಿಯೂ ಗೋಡೆಯಲ್ಲಿಯೂ ಇರುತ್ತದೆ. ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ: ಮೈಗೆ ಹೊಡೆದ ಔಷಧಿ ಮೈಯ ಮೇಲಿದ್ದ ಉಣ್ಣೆಯನ್ನು ಕೊಂದಿರುತ್ತದೆ, ಗೋಡೆಯಲ್ಲಿದ್ದದ್ದು ಇಳಿದು ಬಂದು ಖಾಲಿಯಾದ ಜಾಗವನ್ನು ತುಂಬುತ್ತದೆ. ಮೂರು ವಾರದ ಲೆಕ್ಕ ತಪ್ಪದೆ ಕೂಡಿಬರುವುದು ಇದರಿಂದಲೇ.

ಹಯಲೋಮ ಎಂಬ ಇನ್ನೊಂದು ಉಣ್ಣೆಗೆ ಗೋಡೆಯ ಬಿರುಕು ಇನ್ನೂ ಹೆಚ್ಚು ಬೇಕು, ಏಕೆಂದರೆ ಅದು ಎಳೆತನದಲ್ಲಿ ಒಂದು ರಾಸಿನ ರಕ್ತ ಕುಡಿದು ಇಳಿದು, ಬಿರುಕಿನಲ್ಲಿ ಪೊರೆ ಕಳಚಿ ಪ್ರೌಢವಾಗಿ, ಮತ್ತೊಂದು ರಾಸನ್ನು ಏರುತ್ತದೆ. ಮೊದಲ ಹಸುವಿನಿಂದ ಹೀರಿದ ಥೈಲೇರಿಯ ಎಂಬ ರಕ್ತಪರಾವಲಂಬಿ ಹೀಗೆ ಎರಡನೆಯ ಹಸುವಿಗೆ ದಾಟುವುದರಿಂದ, ತೀವ್ರ ಜ್ವರ ಬಂದು ಹೆಗಲ ಮುಂದಿನ ಗ್ರಂಥಿ ಊದಿಕೊಂಡ ಮಿಶ್ರತಳಿ ಹಸುವಿನ ಕೊಟ್ಟಿಗೆಯಲ್ಲಿ ಗೋಡೆಯನ್ನೂ ನೋಡಬೇಕಾಗುತ್ತದೆ. ನೀಲಿ ಉಣ್ಣೆಯ ದಾರಿ ಬೇರೆ. ಮೂತ್ರವನ್ನು ಕೆಂಪಾಗಿಸುವ ಬೆಬೇಸಿಯ ಎಂಬ ಪರಾವಲಂಬಿ ತಾಯಿಯಿಂದ ತತ್ತಿಗೆ ಇಳಿಯುವುದರಿಂದ, ಇನ್ನೂ ಒಂದು ಹನಿ ರಕ್ತ ಕುಡಿಯದ ಮರಿಯೂ ರೋಗವನ್ನು ಹೊತ್ತೇ ಹುಟ್ಟಿರುತ್ತದೆ. ಉಣ್ಣೆ ರೋಗ ಹರಡುತ್ತದೆಂಬುದನ್ನು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿಯೇ ಈ ಕಾಯಿಲೆಯ ಮೂಲಕ ತೋರಿಸಿಕೊಟ್ಟಿದ್ದರು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಅಂಟಿಸುವುದು ಅಲ್ಲಿನವರು ಉಣುಗು ಎಂದು ಕರೆಯುವ ಹಿಮೋಫೈಸಾಲಿಸ್ ಜಾತಿಯೇ, ಕಾಡಿಗೆ ಮೇಯಲು ಹೋಗುವ ದನ ಅದರ ಪ್ರೌಢಾವಸ್ಥೆಗೆ ಮುಖ್ಯ ಆಹಾರ.

ಹಳೆಯ ತಪ್ಪುಗಳು ಮಾತ್ರ ಕರಗುತ್ತಿಲ್ಲ. ಉಬ್ಬಿದ ಉಣ್ಣೆಯನ್ನು ಕಿತ್ತು ಕೊಟ್ಟಿಗೆಯ ಮೂಲೆಗೆ ಎಸೆಯುವುದು ಮೂರು ಸಾವಿರ ತತ್ತಿಗಳನ್ನು ಬಿತ್ತಿದಂತೆ. ಬರಿಗೈಯಲ್ಲಿ ಹಿಸುಕುವುದು ಅಪಾಯಕಾರಿ. ಸಾಬೂನು ನೀರಿನ ಡಬ್ಬಿಗೋ ಬೆಂಕಿಗೋ ಹಾಕಬೇಕು. ವಾಹನದಿಂದ ತೆಗೆದ ಹಳೆಯ ಎಣ್ಣೆ ಬಳಿದರೆ ಚರ್ಮ ಸುಟ್ಟು ಕೂದಲು ಉದುರುತ್ತದೆ, ನೆಕ್ಕಿದ ಹಸುವಿನ ಹೊಟ್ಟೆಗೆ ವಿಷ ಸೇರುತ್ತದೆ. ಬೆಳೆಗೆಂದು ತಂದ ಕೀಟನಾಶಕವನ್ನು ಅಂದಾಜಿನಲ್ಲಿ ಕಲಸಿ ಹಸುವಿಗೆ ಹೊಡೆದು, ಬಾಯಲ್ಲಿ ನೊರೆ ಬಂದು ಬಿದ್ದ ರಾಸನ್ನು ಉಳಿಸಲು ಓಡಾಡಿದ ಅನುಭವ ಹಳ್ಳಿಗಳಲ್ಲಿ ದುಡಿದ ಪಶುವೈದ್ಯರಲ್ಲಿ ಬಹುಮಂದಿಗೆ ಇದೆ. ಅದು ಮುಂಜಾಗ್ರತೆಯಿಂದ ಪೂರ್ತಿಯಾಗಿ ತಪ್ಪಿಸಬಹುದಾದ ಸಾವು.

ಇದಕ್ಕೆ ತಿರುಗುಮುರುಗಾದ ತಪ್ಪೂ ಅಷ್ಟೇ ದೊಡ್ಡದು. ಔಷಧಿ ಉಳಿಸಲು ನೀರು ಹೆಚ್ಚು ಬೆರೆಸಿದಾಗ ದುರ್ಬಲ ಉಣ್ಣೆಗಳು ಸತ್ತು, ತಡೆದುಕೊಂಡವು ಉಳಿದು, ಅವುಗಳ ಸಂತತಿಯೇ ಕೊಟ್ಟಿಗೆಯನ್ನು ತುಂಬುತ್ತದೆ. ಔಷಧಿಗೆ ನಿರೋಧ ಬೆಳೆಯುವುದೆಂದರೆ ಇದೇ. ಉಣ್ಣೆಗೆಂದು ಸಾಮಾನ್ಯವಾಗಿ ಮಾರುವ ಡೆಲ್ಟಾಮೆಥ್ರಿನ್, ಅಮಿಟ್ರಾಜ್ ದ್ರಾವಣಗಳನ್ನು ಲೀಟರ್ ನೀರಿಗೆ 2 ಮಿಲಿಲೀಟರಿನಂತೆ ಬೆರೆಸುವುದು ವಾಡಿಕೆಯಾದರೂ, ಸೀಸೆಗಳ ಸಾಂದ್ರತೆ ಬೇರೆಬೇರೆ ಇರುವುದರಿಂದ ಚೀಟಿಯ ಮೇಲಿನ ಪ್ರಮಾಣವೇ ಅಂತಿಮ. ಒಂದು ವರ್ಗದ ಔಷಧಿ ಸೋತಾಗ ಪಶುವೈದ್ಯರನ್ನು ಕೇಳಿ ಬೇರೆ ವರ್ಗಕ್ಕೆ ಹೋಗಬೇಕೇ ಹೊರತು ಅದನ್ನೇ ಎರಡು ಪಟ್ಟು ಮಾಡಬಾರದು. ಐವರ್ಮೆಕ್ಟಿನ್ ಚುಚ್ಚುಮದ್ದು ಹಾಲಿನಲ್ಲಿ ಬಹುದಿನ ಉಳಿಯುವುದರಿಂದ ಕರೆಯುವ ಹಸುವಿಗೆ ಸಲ್ಲದು.

ಮಾಡಬೇಕಾದದ್ದನ್ನು ಇನ್ನುಳಿದ ಅಲ್ಪ ಸಮಯದಲ್ಲಿ ಹೇಳುವುದಾದರೆ, ಹಸುವಿಗೆ ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಬಿಸಿಲೇರುವ ಮುನ್ನ, ಕಿವಿಯೊಳಗಿನ ಮಡಿಕೆ, ಗಂಗೆದೊಗಲು, ತೊಡೆಯ ಸಂದು, ಕೆಚ್ಚಲ ಹಿಂಭಾಗ, ಬಾಲದ ಬುಡ ನೆನೆಯುವಂತೆ ಔಷಧಿ ಹಾಕಬೇಕು. ಬೆನ್ನಿಗಷ್ಟೇ ಎರಚಿದ್ದು ವ್ಯರ್ಥ. ಮನೆಯ ಎಲ್ಲ ರಾಸುಗಳಿಗೂ ಒಂದೇ ದಿನ ಹಾಕಬೇಕು. ಅದೇ ದಿನ ಕೊಟ್ಟಿಗೆಯನ್ನು ಬರಿದು ಮಾಡಿ, ಬಿರುಕುಗಳಿಗೆ ಅದೇ ದ್ರಾವಣವನ್ನು ಹರಿಸಿ, ಆಮೇಲೆ ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಬೇಕು. ಮೂರು ವಾರ ತುಂಬುವ ಮೊದಲೇ ಮರಳಿ ಮಾಡಿದರೆ, ನಡುವೆ ಮೈಯೇರಿದ ಮರಿಗಳು ಉಬ್ಬಿ ಬಿದ್ದು ತತ್ತಿಯಿಡುವ ಮುನ್ನವೇ ಸಾಯುತ್ತವೆ.

ಚರ್ಮದ ಮೇಲೆ ಕಾಣುವುದೆಲ್ಲ ಉಣ್ಣೆಯ ಕೆಲಸವಲ್ಲ. ಕುರಿಯ ತುಪ್ಪಟ ಉದುರಿ, ಬೇಲಿಗೆ ಮೈಯುಜ್ಜುವಷ್ಟು ತುರಿಕೆಯಾದರೆ ಅದು ಕಣ್ಣಿಗೆ ಕಾಣದ ನುಸಿಗಳಿಂದ ಬರುವ ಕಜ್ಜಿ. ತತ್ತಿಗಳು ಉಳಿದುಕೊಳ್ಳುವುದರಿಂದ ಹತ್ತರಿಂದ ಹದಿನಾಲ್ಕು ದಿನಕ್ಕೆ ಮತ್ತೆ ಔಷಧಿ ಕೊಡಬೇಕು. ಮೈತುಂಬ ಗಟ್ಟಿ ಗಂಟೆದ್ದು ಜ್ವರ ಬಂದರೆ ಅದು ಭಾರತದಲ್ಲಿ 2019ರಲ್ಲಿ ಮೊದಲಿಗೆ ವರದಿಯಾದ ಚರ್ಮಗಂಟು ರೋಗ, ವೈರಸ್ಸಿನದು. ರಾಸನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ತಿಳಿಸಬೇಕು, ಲಸಿಕೆಯನ್ನು ರೋಗ ಬರುವ ಮೊದಲೇ ಹಾಕಿಸಬೇಕು. ಕರುವಿನ ಕಣ್ಣಿನ ಸುತ್ತ ಬೂದಿ ಮೆತ್ತಿದಂಥ ದುಂಡನೆಯ ಹಕ್ಕಳೆಗಳು ಶಿಲೀಂಧ್ರದವು, ಅವು ಕೆಲವು ತಿಂಗಳಲ್ಲಿ ತಾವಾಗಿಯೇ ಮಾಯುವುದುಂಟು. ಆದರೆ ಮನುಷ್ಯರಿಗೂ ಅಂಟುವುದರಿಂದ, ಆ ಕರುವನ್ನು ಮುಟ್ಟಿದವರು ಸಾಬೂನಿನಲ್ಲಿ ಕೈ ತೊಳೆದುಕೊಂಡೇ ಮನೆಯ ಮಕ್ಕಳನ್ನು ಎತ್ತಿಕೊಳ್ಳಬೇಕು.