ಲಕ್ಕಮ್ಮನನ್ನು ಅಳೆಯುವ ಕೊಳಗ ಯಾರದು?

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

'ಸ್ತ್ರೀವಾದ ಮತ್ತು ಶರಣೆಯರು' ಎಂಬ ವಿಷಯ ನನಗೆ ಕೊಟ್ಟಿದ್ದೀರಿ. ಇಂಥ ವಿಷಯ ಬಂದಾಗ ವೇದಿಕೆಯ ಮೇಲೆ ಒಂದು ಮಾತು ತಪ್ಪದೆ ಬರುತ್ತದೆ: ಪಶ್ಚಿಮದವರು ಹದಿನೆಂಟನೆಯ ಶತಮಾನದಲ್ಲಿ ಕಂಡುಕೊಂಡದ್ದನ್ನು ನಮ್ಮವರು ಹನ್ನೆರಡರಲ್ಲೇ ಹೇಳಿದ್ದರು. ಚಪ್ಪಾಳೆಯೂ ಬೀಳುತ್ತದೆ. ನನಗೆ ಆ ಮಾತು ಒಗ್ಗುವುದಿಲ್ಲ. ಅಲ್ಲಿ ಕಾಳು ನಮ್ಮದು, ಕೊಳಗ ಅವರದು. ಅವರ ಕೊಳಗದಲ್ಲಿ ನಮ್ಮ ರಾಶಿ ದೊಡ್ಡದು ಎಂದು ಬೀಗುತ್ತೇವೆಯೇ ಹೊರತು, ಈ ಕೊಳಗದಿಂದ ನಮ್ಮ ಕಾಳು ಅಳೆಯಲು ಬರುತ್ತದೆಯೇ ಎಂದು ಕೇಳುವುದಿಲ್ಲ.

ವರ್ಜೀನಿಯಾ ವುಲ್ಫ್ ಎಂಬ ಇಂಗ್ಲಿಷ್ ಲೇಖಕಿ 1928ರಲ್ಲಿ ಕೇಂಬ್ರಿಜ್‌ನ ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಮಾತಾಡಿದರು. ಅದು ಮರುವರ್ಷ ಪುಸ್ತಕವಾಯಿತು. ಹೆಣ್ಣು ಬರೆಯಬೇಕಾದರೆ ಸ್ವಂತದ್ದೊಂದು ಕೋಣೆ ಬೇಕು, ವರ್ಷಕ್ಕೆ 500 ಪೌಂಡು ವರಮಾನ ಬೇಕು ಎಂಬುದು ಅದರ ವಾದ. ಈ ಪುಸ್ತಕವನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಇವತ್ತಿಗೂ ಅದರ ಬಗ್ಗೆ ಗೌರವವಿದೆ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ದೀಪ ಹಚ್ಚಿಕೊಂಡು ಬರೆಯುವ ನಮ್ಮ ಹೆಣ್ಣುಮಕ್ಕಳಿಗೆ ಆ ಮಾತು ನೇರ ತಾಗುತ್ತದೆ. ಆದರೆ ಆ 500 ಪೌಂಡು ಬಂದದ್ದೆಲ್ಲಿಂದ? ಪುಸ್ತಕದ ನಿರೂಪಕಿಯೇ ಹೇಳುತ್ತಾಳೆ: ಸಂಬಂಧದ ಹಿರಿಯಳೊಬ್ಬಳು ಬಿಟ್ಟುಹೋದ ಆಸ್ತಿ ಅದು. ಆಕೆ ಬಾಂಬೆಯಲ್ಲಿ ಗಾಳಿಸೇವನೆಗೆ ಕುದುರೆಯೇರಿ ಹೋದಾಗ ಬಿದ್ದು ತೀರಿಕೊಂಡಳು. ಹೆಣ್ಣಿನ ಬರವಣಿಗೆಯ ಇಷ್ಟು ದೊಡ್ಡ ವಾದದೊಳಗೆ ಬಾಂಬೆ ಬರುವುದು ಹೀಗೆ, ಕುದುರೆಯಿಂದ ಬೀಳುವ ಊರಾಗಿ.

ಈಗ ಆಯ್ದಕ್ಕಿ ಲಕ್ಕಮ್ಮನ ಕಡೆ ನೋಡಿ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವಳು. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರಬೇಕು, ಇವಳು ಅಟ್ಟು ದಾಸೋಹ ಮಾಡಬೇಕು. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಈ ಆಸೆ ನಿಮಗೆಲ್ಲಿಂದ ಬಂತು, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ತಿರುಗಿ ಕಳಿಸಿದಳು. ಇನ್ನೊಮ್ಮೆ ಅವನು ಅಲ್ಲಮಪ್ರಭುಗಳ ಮಾತಿನಲ್ಲಿ ಮೈಮರೆತು ಕೂತಾಗ, ಕಾಯಕ ನಿಂತಿದೆ ಎಂದು ಎಬ್ಬಿಸಿದವಳೂ ಇವಳೇ. ಅವಳಿಗೆ ಕೋಣೆಯೂ ಇಲ್ಲ, ಯಾರೋ ಬಿಟ್ಟುಹೋದ ವರಮಾನವೂ ಇಲ್ಲ. ಬಂದ ವರಮಾನ ಹೆಚ್ಚಾಯಿತು ಎಂದು ಹಿಂದಿರುಗಿಸುವ ಹೆಣ್ಣನ್ನು ವುಲ್ಫ್ ಅವರ ಲೆಕ್ಕದ ಯಾವ ಕಲಮಿನಲ್ಲಿ ಬರೆಯೋಣ?

ಅವಳ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಪಶ್ಚಿಮದ ಪುಸ್ತಕ ಓದಿ ಬಂದ ಕಣ್ಣಿಗೆ ಮೊದಲು ಚುಚ್ಚುವುದು ಇದೇ. ದೇವರ ಹೆಸರಿನ ಮುಂದೆ ಗಂಡನ ಹೆಸರು! ಇವಳಿಗೆ ತನ್ನದೆಂಬ ದನಿಯೇ ಇಲ್ಲ ಎಂದು ಅವರು ಪುಟ ಮಗುಚುತ್ತಾರೆ. ಸ್ವಲ್ಪ ನಿಂತು ನೋಡಿ. ವಚನದ ಕೊನೆಯಲ್ಲಿ ಮಾರಯ್ಯನ ಹೆಸರು, ಒಳಗೆ ಅದೇ ಮಾರಯ್ಯನಿಗೆ ತಿದ್ದುಪಡಿ. ಒಡೆಯ ಎಂದು ಕರೆಯುತ್ತಲೇ ಎದ್ದು ಕೆಲಸಕ್ಕೆ ಹೋಗು ಎನ್ನುತ್ತಾಳೆ. ನಮ್ಮ ಮನೆಗಳಲ್ಲಿ 'ನಮ್ಮ ಯಜಮಾನ್ರು' ಎನ್ನುತ್ತಲೇ ಯಜಮಾನರನ್ನು ದಾರಿಗೆ ತರುವ ಅವ್ವಂದಿರನ್ನು ಕಂಡವರಿಗೆ ಈ ದನಿ ಗೊತ್ತು. ನೀವು ನಗುತ್ತಿದ್ದೀರಿ, ಆದರೆ ಇದು ಬರೀ ಮನೆಯ ಜಾಣತನವಲ್ಲ. ಕಾಯಕದ ವಿಷಯದಲ್ಲಿ ಗಂಡನಿಗೂ ರಿಯಾಯಿತಿ ಇಲ್ಲ ಎಂಬ ತತ್ವ. ಗಂಡನನ್ನು ಬಿಟ್ಟು ಹೋದವಳೇ ಸ್ವತಂತ್ರಳು ಎಂದು ಮೊದಲೇ ತೀರ್ಮಾನಿಸಿಕೊಂಡ ಓದಿಗೆ ಈ ತತ್ವ ಸಿಕ್ಕುವುದಿಲ್ಲ.

ಇದು ಪಂಡಿತರ ಜಗಳ, ನಮಗೇನು ಎಂದು ಕೇಳಬಹುದು. ನನ್ನ ಬಳಿ ಓದಿದ ಹುಡುಗಿಯೊಬ್ಬಳು ಲಕ್ಕಮ್ಮನ ಮೇಲೆ ಸಂಶೋಧನೆ ಮಾಡಿದಳು. ಅವಳ ತಾಯಿ ಕೊಯ್ಲಾದ ಹೊಲಗಳಲ್ಲಿ ಉಳಿದ ಶೇಂಗಾ ಆಯ್ದು ಮಕ್ಕಳನ್ನು ಓದಿಸಿದವರು. ಆಯುವುದು ಅಂದರೆ ಏನು, ಎಷ್ಟು ಆಯ್ದರೆ ಸಾಕು ಅನ್ನಿಸುತ್ತದೆ ಎಂದು ಆ ತಾಯಿ ಹೇಳಿದ್ದನ್ನು ಆಕೆ ಒಂದು ಅಧ್ಯಾಯವಾಗಿ ಬರೆದಿದ್ದಳು. ಪರೀಕ್ಷಕರ ವರದಿ ಬಂತು: ಸೈದ್ಧಾಂತಿಕ ಚೌಕಟ್ಟು ಇಲ್ಲ. ಚೌಕಟ್ಟು ಅಂದರೆ ಇಂಗ್ಲಿಷ್ ಪುಸ್ತಕಗಳು ಎಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ವುಲ್ಫ್, ಬೋವಾ ಎಲ್ಲ ಮೊದಲಿಗೆ ಬಂದರು. ತಾಯಿಯ ಮಾತಿನ ಅಧ್ಯಾಯ ಅಡಿಟಿಪ್ಪಣಿಗೆ ಇಳಿಯಿತು. ಪದವಿ ಸಿಕ್ಕಿತು.

ಸಿಮೊನ್ ದ ಬೋವಾ 1949ರಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಅನುಭಾವಿ ಹೆಣ್ಣುಗಳ ಬಗ್ಗೆ ಒಂದು ಅಧ್ಯಾಯವೇ ಇದೆ. ಅಲ್ಲಿ ಎದ್ದು ಕಾಣುವವರು ಸಂತ ತೆರೇಸಾ, ಸಿಯೆನಾದ ಕ್ಯಾಥರಿನ್, ಮದಾಂ ಗುಯೋನ್, ಎಲ್ಲರೂ ಯುರೋಪಿನ ಕ್ರೈಸ್ತ ಸಾಧ್ವಿಯರು. ಅವರ ಬಗ್ಗೆ ಹೇಳಿದ್ದು ಲೋಕದ ಹೆಣ್ಣಿಗೆಲ್ಲ ಅನ್ವಯ ಎಂಬಂತೆ ಓದಲಾಯಿತು. ನಮ್ಮ ಅಕ್ಕ ಆ ಲೋಕಕ್ಕೆ ವ್ಯಾಪಕವಾಗಿ ಪರಿಚಯವಾದದ್ದು 1973ರಲ್ಲಿ, ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದಿಂದ. ಬಹಳ ದೊಡ್ಡ ಉಪಕಾರ ಅದು, ಅನುಮಾನ ಬೇಡ. ಆದರೆ ಆ ಪುಸ್ತಕದಲ್ಲಿ ವಚನಕಾರರು ನಾಲ್ವರು: ಬಸವಣ್ಣ, ದಾಸಿಮಯ್ಯ, ಅಲ್ಲಮ, ಮಹಾದೇವಿಯಕ್ಕ. ವಚನ ಬರೆದ ಶರಣೆಯರು ಮೂವತ್ತಕ್ಕೂ ಹೆಚ್ಚು. ಹೊರಗಿನವರಿಗೆ ಆ ಒಬ್ಬಳೇ ಎಲ್ಲರೂ ಆದಳು. ಅವಳಲ್ಲೂ ಅವರು ಎತ್ತಿಕೊಂಡದ್ದು ಉಡುಗೆ ತೊರೆದದ್ದನ್ನು, ಚೆನ್ನಮಲ್ಲಿಕಾರ್ಜುನನನ್ನು ವರಿಸಿದ್ದನ್ನು. ಅನುಭವ ಮಂಟಪದಲ್ಲಿ ಅಲ್ಲಮರ ಪ್ರಶ್ನೆಗೆ ಪ್ರಶ್ನೆ ಹಾಕಿ ನಿಂತ ತರ್ಕಶಾಲಿ ಅಕ್ಕ ಆ ಓದಿನಲ್ಲಿ ಹಿಂದೆ ಸರಿದಳು.

ಇದನ್ನು ಬಲ್ಲವರು ಇಲ್ಲ ಅಂತಲ್ಲ. 1991ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ ಭಾರತೀಯ ಮಹಿಳಾ ಬರವಣಿಗೆಯ ಸಂಕಲನದಲ್ಲಿ ಅಕ್ಕನ ಜೊತೆ ಸೂಳೆ ಸಂಕವ್ವೆಯೂ ಇದ್ದಾಳೆ. ನಮಗೆ ಉಳಿದಿರುವುದು ಅವಳ ಒಂದೇ ಒಂದು ವಚನ, ಅಂಕಿತ ನಿರ್ಲಜ್ಜೇಶ್ವರ. ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳುವ ಚಂದ್ರಾ ತಲಪಡೆ ಮೊಹಾಂತಿ, ಪಶ್ಚಿಮದ ಸ್ತ್ರೀವಾದವು ನಮ್ಮಂಥ ದೇಶಗಳ ಹೆಣ್ಣನ್ನು ಬಡವಿ, ಅಜ್ಞಾನಿ, ಸಂಪ್ರದಾಯದ ಬಲಿ ಎಂಬ ಒಂದೇ ಅಚ್ಚಿಗೆ ಹಾಕುತ್ತದೆ ಎಂದು 1984ರಲ್ಲೇ ಬರೆದರು. ಆ ಮಾತನ್ನೂ ಇಂಗ್ಲಿಷಿನಲ್ಲಿ ಆಡಬೇಕಾಯಿತು.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನನಗೂ ನಿಮ್ಮಷ್ಟೇ ಹಿಗ್ಗಾಯಿತು. ಕನ್ನಡಕ್ಕೆ ಅದು ಮೊದಲನೆಯದು. ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು, ಅದು ಆ ಪ್ರಶಸ್ತಿಯ ಒಳ್ಳೆಯ ನಿಯಮ. ಇನ್ನೊಂದು ನಿಯಮವೂ ಇದೆ: ಪುಸ್ತಕ ಇಂಗ್ಲಿಷಿಗೆ ಬಂದು ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾಗಿರಬೇಕು. ಆ ಸಂಕಲನದ ಕತೆಗಳು 1990ರಿಂದ ಬರೆದವು. ಬಾನು ಅವರ ಕತೆಯನ್ನು ಗಿರೀಶ ಕಾಸರವಳ್ಳಿ 'ಹಸೀನಾ' ಎಂದು ಸಿನಿಮಾ ಮಾಡಿ ಇಪ್ಪತ್ತು ವರ್ಷ ದಾಟಿದೆ. ಹೂಮಾಲೆ ಹಿಡಿದು ನಿಂತವರಲ್ಲಿ ಎಷ್ಟು ಜನ ಅದಕ್ಕೆ ಮೊದಲು ಒಂದು ಕತೆಯನ್ನಾದರೂ ಓದಿದ್ದರು? ಲಂಡನ್ನಿನಿಂದ ಸುದ್ದಿ ಬಂದ ಮೇಲೆ ಹಾಸನ ಕಾಣಿಸಿತು.

ಹಾಗಾದರೆ ತಪ್ಪೆಲ್ಲ ಪಶ್ಚಿಮದ್ದೇ? ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಸಮಗ್ರ ವಚನ ಸಂಪುಟಗಳಲ್ಲಿ ಶರಣೆಯರಿಗೆ ಪ್ರತ್ಯೇಕ ಸಂಪುಟವಿದೆ, ಐದನೆಯದು, ವೀರಣ್ಣ ರಾಜೂರರು ಸಂಪಾದಿಸಿದ್ದು. ಅದಿಲ್ಲದಿದ್ದರೆ ನಾನು ಇವತ್ತು ಇಲ್ಲಿ ನಿಂತು ಮಾತಾಡಲು ಆಗುತ್ತಿರಲಿಲ್ಲ. ಅದರ ಪರಿವಿಡಿ ತೆರೆದು ನೋಡಿ: ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಎಡೆಮಠದ ನಾಗಿದೇವಯ್ಯಗಳ ಪುಣ್ಯಸ್ತ್ರೀ ಮಸಣಮ್ಮ. ಪರಂಪರೆ ಅವರನ್ನು ಗುರುತಿಟ್ಟುಕೊಂಡದ್ದೇ ಹಾಗೆ. ಉಣ್ಣುವ ಅನ್ನದ ಮೇಲೆ ಊರೊಳಗೆ, ಊರಹೊರಗೆ ಎಂದು ಜಾತಿ ಕಟ್ಟಿದವರನ್ನು ಪ್ರಶ್ನಿಸಿದ ಕಾಳವ್ವೆಯನ್ನು ಗಂಡನ ಹೆಸರಿಲ್ಲದೆ ಕರೆಯಲು ನಮಗೆ ಬರುವುದಿಲ್ಲ. ಲಕ್ಕಮ್ಮ ಗಂಡನ ಹೆಸರನ್ನು ಅಂಕಿತದಲ್ಲಿ ತಾನಾಗಿ ಇಟ್ಟುಕೊಂಡಳು. ಕಾಳವ್ವೆಯ ತಲೆಬರಹದಲ್ಲಿ ಗಂಡನ ಹೆಸರು ಇಟ್ಟವರು ಬೇರೆಯವರು. ಈ ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ಸತ್ಯಕ್ಕನ ವಿಷಯ ಹೇಳಲು ಹೊತ್ತಾಗಲಿಲ್ಲ. ಅಂಗಳ ಗುಡಿಸುವ ಕಾಯಕದವಳು, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟೆನೆಂದು ಆಣೆ ಮಾಡಿದವಳು. ಬರುವ ತಿಂಗಳ ಗೋಷ್ಠಿಗೆ ಅವಳನ್ನೇ ಇಟ್ಟುಕೊಳ್ಳೋಣ ಎಂದು ಪೂಜ್ಯರಲ್ಲಿ ಬಿನ್ನವಿಸಿದ್ದೇನೆ. ಒಪ್ಪಿದ್ದಾರೆ. ಉಪನ್ಯಾಸಕರು ಬೇಡ. ಮಠದ ಅಂಗಳ ಗುಡಿಸುವ ತಾಯಂದಿರು ಮೊದಲು ಮಾತಾಡಲಿ, ಕಾಲೇಜಿನ ಮಕ್ಕಳು ಬರೆದುಕೊಳ್ಳಲಿ. ಬರುವವರು ಹೊರಗೆ ಕಚೇರಿಯಲ್ಲಿ ಹೆಸರು ಕೊಟ್ಟು ಹೋಗಿ.