ಹರೆಯದವರ ಮಾತಿಗೆ ಉತ್ತರ ಕೊಡುವವರು ಯಾರು?

(ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಸಭೆಗಳಲ್ಲಿ ಮಾಡಿದ ಭಾಷಣದ ಸಾರ)



ಕಾರ್ಖಾನೆಯ ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಹಾಕಿ ಬಂದಿದ್ದೀರಿ. ಬಹಳ ಹೊತ್ತು ಕೂರಿಸುವುದಿಲ್ಲ. ಇಂದು ನಾವು ಕೂಲಿಯ ಮಾತನ್ನಾಗಲಿ ತೆರಿಗೆಯ ಮಾತನ್ನಾಗಲಿ ಎತ್ತುವುದಿಲ್ಲ. ನಮ್ಮ ಮನೆಗಳಲ್ಲೇ ಇದ್ದು ಓಟಿಲ್ಲದ, 14ರಿಂದ 17ರ ಹುಡುಗ ಹುಡುಗಿಯರ ಮಾತನ್ನು ಎತ್ತುತ್ತೇವೆ.

ಒಂದು ವಿಚಿತ್ರ ನೋಡಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯ ಪ್ರಕಾರ 14 ತುಂಬಿದವನು ಅಪಾಯದ ಕೆಲಸಗಳ ಹೊರತು ಉಳಿದ ಕೆಲಸಕ್ಕೆ ಸೇರಬಹುದು. ಅವನು ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡಬಹುದು. ತಾನು ಕೊಂಡ ಸಾಬೂನಿಗೆ ದೊಡ್ಡವರಷ್ಟೇ ತೆರಿಗೆ ತೆರಬೇಕು. ಆದರೆ ಅದೇ ಅಂಗಡಿಯೆದುರಿನ ಚರಂಡಿ ನಾರಿದರೆ ಗ್ರಾಮಸಭೆಯಲ್ಲಿ ಅವನಿಗೆ ಸ್ಥಾನವಿಲ್ಲ. ಗ್ರಾಮಸಭೆಯೆಂದರೆ ಮತದಾರರ ಸಭೆ. ಮತದಾರನಾಗಲು 18 ತುಂಬಬೇಕು. ದುಡಿಯುವ ವಯಸ್ಸಾಯಿತು, ಮಾತಾಡುವ ವಯಸ್ಸಾಗಲಿಲ್ಲ! ಇದು ಯಾವ ನ್ಯಾಯ?

ಇದಕ್ಕೆ ದಾರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕುಂದಾಪುರ ತಾಲೂಕು 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು. ದುಡಿಯುವ ಮಕ್ಕಳು 1990ರಲ್ಲಿ ಕಟ್ಟಿಕೊಂಡ ಭೀಮ ಸಂಘ ಅಲ್ಲಿಯೂ ಬೇರು ಬಿಟ್ಟಿತು. 1990ರ ದಶಕದಲ್ಲೇ ಅಲ್ಲಿ ಮಕ್ಕಳ ಪಂಚಾಯತುಗಳು ಹುಟ್ಟಿದವು. ಶಾಲೆಗೆ ಹೋಗುವವರು, ಶಾಲೆ ಬಿಟ್ಟು ದುಡಿಯುವವರು, ಇಬ್ಬರೂ ಸೇರಿ ತಮ್ಮ ಪ್ರತಿನಿಧಿಗಳನ್ನು ಚುನಾಯಿಸಿದರು. ಅವರ ಮಾತು ಕೇಳಲು ಅಧಿಕಾರಿಗಳೂ ಜನಪ್ರತಿನಿಧಿಗಳೂ ಇದ್ದ ಕಾರ್ಯಪಡೆ ಇತ್ತು. ಮಳೆಗಾಲದಲ್ಲಿ ತೋಡು ದಾಟಲು ಕಾಲುಸಂಕ ಬೇಕೆಂಬಂಥ ಬೇಡಿಕೆಗಳನ್ನು ಅವರು ಮುಂದಿಟ್ಟರು. 2002ರಿಂದ 2007ರ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಊರಿಗೇನು ಬೇಕೆಂಬ ಯೋಜನೆಯನ್ನೂ ಆ ಕಡೆಯ ಮಕ್ಕಳು ತಯಾರಿಸಿದರು. ಬಳಿಕ 2006ರಲ್ಲಿ, ಎಲ್ಲ ಗ್ರಾಮ ಪಂಚಾಯತುಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಯಬೇಕೆಂದು ಕರ್ನಾಟಕ ಸರಕಾರವೇ ಆದೇಶ ಹೊರಡಿಸಿತು.

ಹಾಗಾದರೆ ತೊಂದರೆಯೇನು? ನಮ್ಮದೇ ತಪ್ಪನ್ನು ಹೇಳಿಕೊಳ್ಳುತ್ತೇವೆ. ಮಾಸ್ತರಿಕೆಯಲ್ಲಿದ್ದಾಗ ನಾವು ಒಂದು ಮಕ್ಕಳ ಗ್ರಾಮಸಭೆಗೆ ಹುಡುಗರನ್ನು ಕರೆದುಕೊಂಡು ಹೋಗಿದ್ದೆವು. ಪ್ರಶ್ನೆಗಳನ್ನು ನಾವೇ ಚೀಟಿಯಲ್ಲಿ ಬರೆದುಕೊಟ್ಟಿದ್ದೆವು, ಯಾರಿಗೂ ನೋವಾಗದಂಥ ಪ್ರಶ್ನೆಗಳು. ಒಂಬತ್ತನೆಯ ತರಗತಿಯ ಒಬ್ಬಳು, ಬೀಡಿ ಕಟ್ಟುವ ತಾಯಿಯ ಮಗಳು, ಚೀಟಿ ಮಡಚಿಟ್ಟು ಹೇಳಿದಳು: "ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲಿ ದೀಪ ಇಲ್ಲ ಸಾರ್. ಕತ್ತಲೆಗೆ ಬರುವುದಾದರೆ ಶಾಲೆ ಬಿಡಿಸುತ್ತೇನೆ ಅಂತ ಅಮ್ಮ ಹೇಳುತ್ತಾರೆ." ಅಧ್ಯಕ್ಷರು "ಆಯಿತು ಮಗಾ, ನೋಡುವ" ಎಂದರು. ಫೋಟೋ ತೆಗೆದರು, ಚಹಾ ಕೊಟ್ಟರು.

ಮರುವರ್ಷದ ಸಭೆಗೆ ದೀಪ ಬಂದಿರಲಿಲ್ಲ. ಆ ಹುಡುಗಿಯೂ ಬರಲಿಲ್ಲ, ಶಾಲೆ ಬಿಟ್ಟಿದ್ದಳು. ಹಿಂದಿನ ವರ್ಷದ ನಡಾವಳಿ ಓದಿ ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಆದ್ದರಿಂದ ಮಾತಾಡಲು ಬಿಟ್ಟರೆ ಸಾಲದು, ಉತ್ತರ ಪಡೆಯುವ ಹಕ್ಕು ಬೇಕು. ಕಾರ್ಮಿಕರಾದ ನಿಮಗೆ ಇದು ತಿಳಿಯದ ವಿಷಯವಲ್ಲ. ಒಬ್ಬೊಬ್ಬನೇ ಹೋಗಿ ಮೆನೇಜರನ ಮುಂದೆ ನಿಂತಾಗ "ನೋಡುವ" ಎಂಬ ಮಾತೇ ಸಿಗುತ್ತದೆ. ಸಂಘದ ಚುನಾಯಿತ ಪ್ರತಿನಿಧಿ ಹೋದರೆ ಲಿಖಿತ ಉತ್ತರ ಸಿಗುತ್ತದೆ. ಮಕ್ಕಳಿಗೂ ಬೇರೆ ದಾರಿಯಿಲ್ಲ.

ನಾವು ಕೇಳುವುದು ಮೂರೇ ಸಂಗತಿ. ಒಂದು, ಮಕ್ಕಳ ಪ್ರತಿನಿಧಿಗಳನ್ನು ಮಾಸ್ತರು ಆರಿಸಬಾರದು, ಮಕ್ಕಳೇ ಗುಪ್ತ ಮತದಿಂದ ಆರಿಸಬೇಕು. ಅರ್ಧ ಸ್ಥಾನ ಹುಡುಗಿಯರಿಗಿರಲಿ, ಶಾಲೆ ಬಿಟ್ಟು ದುಡಿಯುವವರಿಗೂ ಸ್ಥಾನವಿರಲಿ. ಎರಡು, ಅವರ ಪ್ರತಿಯೊಂದು ಬೇಡಿಕೆಗೂ ಪಂಚಾಯತು ಗೊತ್ತಾದ ದಿನದೊಳಗೆ ಬರೆದು ಉತ್ತರಿಸಬೇಕು. ಆಗುವುದಿಲ್ಲವಾದರೆ ಕಾರಣ ಹೇಳಬೇಕು. ಮುಂದಿನ ಸಭೆ ಹಿಂದಿನ ನಡಾವಳಿಯ ಓದಿನಿಂದಲೇ ಆರಂಭವಾಗಬೇಕು. ಮೂರು, ಪೇಟೆಯ ಮಕ್ಕಳನ್ನು ಬಿಡಬಾರದು. 2006ರ ಆದೇಶ ಗ್ರಾಮ ಪಂಚಾಯತುಗಳಿಗೆ ಸಂಬಂಧಿಸಿದ್ದು. ಬಂಟ್ವಾಳ, ಮೂಡಬಿದ್ರೆಗಳಲ್ಲಿರುವುದು ಪುರಸಭೆ. ಬೆಳ್ತಂಗಡಿಯಲ್ಲಿ ಪಟ್ಟಣ ಪಂಚಾಯತು. ಹಳ್ಳಿಯ ಹುಡುಗನಿಗಿರುವ ಸಭೆ ಪೇಟೆಯ ಹುಡುಗನಿಗೆ ಏಕೆ ಬೇಡ? ಫ್ರಾನ್ಸಿನ ಶಿಲ್ಟಿಗೈಮ್ ಎಂಬ ಪಟ್ಟಣದ ಪುರಸಭೆ 1979ರಷ್ಟು ಹಿಂದೆಯೇ ಮಕ್ಕಳ ಪರಿಷತ್ತನ್ನು ಮಾಡಿತು. ಅಲ್ಲಿ ಆದದ್ದು ಇಲ್ಲಿ ಆಗದೆ?

"ಓದುವ ಮಕ್ಕಳಿಗೆ ರಾಜಕೀಯ ಯಾಕೆ?" ಎಂದು ಅಂಗಡಿಯ ಹಿರಿಯರೊಬ್ಬರು ಕೇಳಿದರು. ಅವರ ಹೆದರಿಕೆ ಸುಳ್ಳಲ್ಲ. ಪಕ್ಷಗಳು ಕೈ ಹಾಕಿದರೆ ಮಕ್ಕಳ ಪರಿಷತ್ತು ಬಾವುಟ ಹಿಡಿಯುವವರ ಪಡೆಯಾದೀತು. ಅದಕ್ಕಾಗಿ ಈ ವೇದಿಕೆಯಿಂದಲೇ ಹೇಳುತ್ತೇವೆ: ಯಾವ ಪಕ್ಷದ ಬಾವುಟವೂ ಅಲ್ಲಿ ಬೇಡ, ನಮ್ಮದೂ ಬೇಡ. ಆದರೆ ದಾರಿದೀಪ, ಚರಂಡಿ, ಶಾಲೆಯ ನೀರು, ಬಸ್ಸು, ಇವು ರಾಜಕೀಯವೆಂದಾದರೆ ಆ ರಾಜಕೀಯದ ನಡುವೆಯೇ ಮಕ್ಕಳು ದಿನವೂ ನಡೆಯುತ್ತಿದ್ದಾರೆ.

1989ರವರೆಗೆ ಲೋಕಸಭೆ, ವಿಧಾನಸಭೆಗಳ ಮತಕ್ಕೆ 21 ತುಂಬಬೇಕಿತ್ತು. ಅದು 18ಕ್ಕೆ ಇಳಿದದ್ದರಿಂದ ದೇಶ ಮುಳುಗಲಿಲ್ಲ. 15ರವಳು ದೀಪ ಕೇಳಿದರೂ ಪಂಚಾಯತು ಮುಳುಗದು.

ಇಂದು ರಾತ್ರಿ ಮನೆಗೆ ಹೋಗಿ ಊಟಕ್ಕೆ ಕೂತಾಗ ನಿಮ್ಮ ಮಕ್ಕಳನ್ನು ಒಂದು ಮಾತು ಕೇಳಿ: "ಊರಲ್ಲಿ ನಿನಗೇನು ಬೇಕು?" ಅವರು ಹೇಳಿದ್ದನ್ನು ಬರೆದುಕೊಂಡು ನಿಮ್ಮ ವಾರ್ಡಿನ ಸದಸ್ಯರ ಬಳಿಗೆ ಅವರನ್ನೇ ಕರೆದೊಯ್ಯಿರಿ. "ನೋಡುವ" ಎಂದರೆ, ಯಾವ ತಾರೀಕಿಗೆ ಎಂದು ಕೇಳಿ. ಆ ದಿನ ನಾವು ಕೇಳಲಿಲ್ಲ. ನೀವಾದರೂ ಕೇಳಿ.